ಬ್ರಿಟನ್ನಿನ ರೈಲು ಮತ್ತು ಸ್ಥಳೀಯ ಬಸ್ಸು: ನೆನಪು, ಸ್ವಾರಸ್ಯ

ಬ್ರಿಟನ್ನಿನ ದಿನನಿತ್ಯದ ಬದುಕನ್ನು ಇನ್ನೂರು ವರ್ಷಗಳಿಂದ ತಿದ್ದುತ್ತ ಬಂದಿರುವ ಎರಡು ಸಾರಿಗೆಗಳು ರೈಲು ಮತ್ತು ಸ್ಥಳೀಯ ಬಸ್ಸು. ಎರಡೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಹುಟ್ಟಿದವು. ಸ್ಟಾಕ್‌ಟನ್–ಡಾರ್ಲಿಂಗ್‌ಟನ್ ರೈಲು ಓಡಿದ್ದು 1825ರಲ್ಲಿ. ಲಂಡನ್ನಿನ ಮೊದಲ ಆಮ್ನಿಬಸ್ಸು ಹೊರಟದ್ದು 1829ರಲ್ಲಿ. ಅಂದಿನಿಂದ ಇವುಗಳ ಸಂಬಂಧ ದಾಯಾದಿಗಳ ಸಂಬಂಧವೇ. ಒಂದರ ಗಿರಾಕಿಯನ್ನು ಇನ್ನೊಂದು ಸೆಳೆದಿದೆ, ಒಂದು ಬಿಟ್ಟುಹೋದ ಊರಿಗೆ ಇನ್ನೊಂದು ಹೋಗಿದೆ, ಒಂದು ಕೆಟ್ಟು ನಿಂತ ದಿನ ಇನ್ನೊಂದು ಹೆಗಲು ಕೊಟ್ಟಿದೆ. ಇವುಗಳ ಚರಿತ್ರೆ ಕಾಯಿದೆ, ಕಂಪನಿ, ಇಂಜಿನ್ನುಗಳ ಲೆಕ್ಕದಲ್ಲಿ ಮುಗಿಯುವುದಿಲ್ಲ. ರಟ್ಟಿನ ಟಿಕೆಟ್ಟು, ಕಂಡಕ್ಟರನ ಗಂಟೆ, ಮುಚ್ಚಿದ ನಿಲ್ದಾಣದ ಹೆಸರು ಮೊದಲಾದ ಸಣ್ಣ ಸಂಗತಿಗಳಲ್ಲೂ ಅದು ಉಳಿದಿದೆ.

ರೈಲಿನ ಹುಟ್ಟು

ಹಳಿಯ ಮೇಲೆ ಉಗಿಯಂತ್ರ ಮೊದಲು ಓಡಿದ್ದು ವೇಲ್ಸ್‌ನಲ್ಲಿ. 1804ರ ಫೆಬ್ರವರಿ 21ರಂದು ಮರ್ಥರ್ ಟಿಡ್ಫಿಲ್ ಬಳಿಯ ಪೆನಿಡ್ಯಾರನ್ ಕಬ್ಬಿಣದ ಕಾರ್ಖಾನೆಯಿಂದ ರಿಚರ್ಡ್ ಟ್ರೆವಿಥಿಕ್‌ನ ಇಂಜಿನ್ ಕಬ್ಬಿಣವನ್ನೂ ಜನರನ್ನೂ ಎಳೆದುಕೊಂಡು ಹೋಯಿತು. ಉಗಿಯಿಂದ ಓಡುವ ಸಾರ್ವಜನಿಕ ರೈಲುಮಾರ್ಗದ ಕಥೆ ಶುರುವಾಗುವುದು 1825ರ ಸೆಪ್ಟೆಂಬರ್ 27ರಂದು. ಅಂದು ಜಾರ್ಜ್ ಸ್ಟೀಫನ್‌ಸನ್‌ನ 'ಲೊಕೊಮೋಷನ್' ಇಂಜಿನ್ ಸ್ಟಾಕ್‌ಟನ್–ಡಾರ್ಲಿಂಗ್‌ಟನ್ ಹಾದಿಯಲ್ಲಿ ಕಲ್ಲಿದ್ದಲನ್ನೂ ಪ್ರಯಾಣಿಕರನ್ನೂ ಹೊತ್ತು ಓಡಿತು. ಆದರೆ ಆ ಹಾದಿಯಲ್ಲಿ ಉಗಿ ಎಳೆಯುತ್ತಿದ್ದುದು ಮುಖ್ಯವಾಗಿ ಕಲ್ಲಿದ್ದಲನ್ನು. ಜನರ ಬಂಡಿಗಳನ್ನು ಮುಂದಿನ ಕೆಲವು ವರ್ಷ ಅದೇ ಹಳಿಯ ಮೇಲೆ ಕುದುರೆಗಳು ಎಳೆದವು. ಅಂದರೆ ಉದ್ಘಾಟನೆಯ ದಿನ ಬಿಟ್ಟರೆ ಆ ಹಾದಿಯ ಮೊದಲ ಪ್ರಯಾಣಿಕರು ಕೂತದ್ದು ಒಂದು ಬಗೆಯ ಹಳಿಯ ಮೇಲಿನ ಕುದುರೆ ಬಸ್ಸಿನಲ್ಲೇ.

ಪೂರ್ತಿಯಾಗಿ ಉಗಿಯನ್ನೇ ನಂಬಿ, ವೇಳೆ ಗೊತ್ತುಮಾಡಿ ಓಡಿದ ನಗರಗಳ ನಡುವಣ ಮೊದಲ ರೈಲು ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗದ್ದು. ಅದಕ್ಕೆ ತಕ್ಕ ಇಂಜಿನ್ನನ್ನು ಆರಿಸಲು 1829ರ ಅಕ್ಟೋಬರಿನಲ್ಲಿ ರೇನ್‌ಹಿಲ್‌ನಲ್ಲಿ ನಡೆದ ಸ್ಪರ್ಧೆಯಲ್ಲಿ ಸ್ಟೀಫನ್‌ಸನ್‌ರ 'ರಾಕೆಟ್' 500 ಪೌಂಡ್ ಬಹುಮಾನ ಗೆದ್ದಿತು. 1830ರ ಸೆಪ್ಟೆಂಬರ್ 15ರ ಉದ್ಘಾಟನೆಯ ದಿನ, ನಿಂತ ಗಾಡಿಯಿಂದ ಕೆಳಗಿಳಿದಿದ್ದ ಲಿವರ್‌ಪೂಲ್‌ನ ಸಂಸದ ವಿಲಿಯಂ ಹಸ್ಕಿಸನ್ ಅದೇ 'ರಾಕೆಟ್' ಇಂಜಿನ್ನಿಗೆ ಸಿಕ್ಕಿ ಸತ್ತರು. ಹಬ್ಬದ ದಿನವೇ ಸಾವಿನ ಸುದ್ದಿಯೂ ಆಗಿ, ಹೊಸ ರೈಲಿನ ಹೆಸರು ನಾಡೆಲ್ಲ ಹರಡಿತು.

1844ರ ಕಾಯಿದೆ ಬಡ ಪ್ರಯಾಣಿಕನ ಪಾಲಿಗೆ ದೊಡ್ಡ ತಿರುವು. ಪ್ರತಿ ಮಾರ್ಗದಲ್ಲೂ ದಿನಕ್ಕೆ ಒಂದಾದರೂ ಗಾಡಿ ಎಲ್ಲ ನಿಲ್ದಾಣಗಳಲ್ಲೂ ನಿಲ್ಲಬೇಕು, ಮೂರನೆಯ ದರ್ಜೆಯವರಿಗೂ ಮಳೆ ಬೀಳದಂತೆ ಚಾವಣಿ ಇರಬೇಕು, ಸರಾಸರಿ ವೇಗ ಗಂಟೆಗೆ 12 ಮೈಲಿಗೆ ಕಡಿಮೆ ಇರಬಾರದು, ದರ ಮೈಲಿಗೆ ಒಂದು ಪೆನ್ನಿ ಮೀರಬಾರದು ಎಂದು ಅದು ವಿಧಿಸಿತು. ಸಂಸತ್ತಿನ ಅಪ್ಪಣೆಯಿಂದ ಓಡುತ್ತಿದ್ದುದರಿಂದ ಇವಕ್ಕೆ 'ಪಾರ್ಲಿಮೆಂಟರಿ ಟ್ರೇನ್' ಎಂಬ ಹೆಸರು ಬಿತ್ತು.

ಗೇಜು, ಗಡಿಯಾರ, ವೇಳಾಪಟ್ಟಿ

ಸ್ಟೀಫನ್‌ಸನ್ ಬಳಸಿದ ಹಳಿಗಳ ನಡುವಣ ಅಗಲ 4 ಅಡಿ 8½ ಅಂಗುಲ. ಗ್ರೇಟ್ ವೆಸ್ಟರ್ನ್ ರೈಲ್ವೆಯ ಇಂಜಿನಿಯರ್ ಇಸಂಬಾರ್ಡ್ ಕಿಂಗ್‌ಡಂ ಬ್ರೂನೆಲ್ ಅದನ್ನು ಒಪ್ಪದೆ 7 ಅಡಿ ¼ ಅಂಗುಲದ ಹಳಿ ಹಾಕಿದ. ವೇಗಕ್ಕೂ ಸ್ಥಿರತೆಗೂ ಅಗಲವೇ ಒಳ್ಳೆಯದೆಂಬುದು ಅವನ ವಾದ. ಅದರಲ್ಲಿ ಹುರುಳೂ ಇತ್ತು. ತೊಂದರೆ ಎದ್ದದ್ದು ಎರಡು ಗೇಜುಗಳು ಕೂಡುವ ಜಾಗದಲ್ಲಿ. ಗ್ಲಾಸ್ಟರ್ ನಿಲ್ದಾಣದಲ್ಲಿ ಜನ ಇಳಿದು ಹತ್ತಬೇಕಿತ್ತು, ಸರಕನ್ನು ಒಂದು ಗಾಡಿಯಿಂದ ಇನ್ನೊಂದಕ್ಕೆ ಹೊತ್ತು ಹಾಕಬೇಕಿತ್ತು. 1846ರ ಕಾಯಿದೆ ಸ್ಟೀಫನ್‌ಸನ್ ಅಳತೆಯನ್ನೇ ಎತ್ತಿಹಿಡಿಯಿತು. ಕೊನೆಗುಳಿದ ಅಗಲ ಹಳಿಯನ್ನು 1892ರ ಮೇ ತಿಂಗಳ ಒಂದು ವಾರಾಂತ್ಯದಲ್ಲಿ ಸಾವಿರಾರು ಕಾರ್ಮಿಕರು ಸೇರಿ ಕಿರಿದು ಮಾಡಿ ಮುಗಿಸಿದರು.

ರೈಲು ಬರುವ ಮುನ್ನ ಪ್ರತಿ ಊರಿಗೂ ಅದರದೇ ಹೊತ್ತು. ಸೂರ್ಯ ನೆತ್ತಿಗೆ ಬಂದಾಗ ಮಧ್ಯಾಹ್ನ. ಈ ಲೆಕ್ಕದಲ್ಲಿ ಪಶ್ಚಿಮದ ಬ್ರಿಸ್ಟಲ್ ಲಂಡನ್ನಿಗಿಂತ 10 ನಿಮಿಷ ಹಿಂದೆ. ಕುದುರೆ ಗಾಡಿಯ ಕಾಲದಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ವೇಳಾಪಟ್ಟಿ ಹಾಕಿ ಗಾಡಿ ಓಡಿಸುವವರಿಗೆ ಮಾತ್ರ 10 ನಿಮಿಷ ದೊಡ್ಡದು. 1840ರಲ್ಲಿ ಗ್ರೇಟ್ ವೆಸ್ಟರ್ನ್ ತನ್ನ ಎಲ್ಲ ನಿಲ್ದಾಣಗಳಲ್ಲೂ ಲಂಡನ್ ಸಮಯವನ್ನೇ ಇಟ್ಟಿತು. ಬ್ರಿಸ್ಟಲ್‌ನ ಕಾರ್ನ್ ಎಕ್ಸ್‌ಚೇಂಜ್ ಕಟ್ಟಡದ ಗಡಿಯಾರಕ್ಕೆ ಇಂದಿಗೂ ಎರಡು ನಿಮಿಷದ ಮುಳ್ಳುಗಳಿವೆ: ಒಂದು ಊರಿನ ಹೊತ್ತಿಗೆ, ಇನ್ನೊಂದು ರೈಲಿನ ಹೊತ್ತಿಗೆ. ರೈಲಿನ ಹೊತ್ತೇ ಕಾನೂನಿನ ಹೊತ್ತೂ ಆದದ್ದು 1880ರಲ್ಲಿ.

ಜಾರ್ಜ್ ಬ್ರಾಡ್‌ಷಾ 1839ರಿಂದ ಪ್ರಕಟಿಸತೊಡಗಿದ ವೇಳಾಪಟ್ಟಿಯ ಪುಸ್ತಕ ಎಷ್ಟು ಹೆಸರಾಯಿತೆಂದರೆ 'ಬ್ರಾಡ್‌ಷಾ' ಎಂದರೆ ವೇಳಾಪಟ್ಟಿ ಎಂದೇ ಅರ್ಥವಾಯಿತು. ಷರ್ಲಾಕ್ ಹೋಮ್ಸ್‌ನ ಕಥೆಗಳಲ್ಲೂ ಅದು ಬರುತ್ತದೆ. ಹತ್ತಾರು ಕಂಪನಿಗಳ ಗಾಡಿಗಳನ್ನು ಒಂದೇ ಪುಸ್ತಕದಲ್ಲಿ ಅಡಕಿದ್ದರಿಂದ ಅದನ್ನು ಓದುವುದೇ ಒಂದು ವಿದ್ಯೆ ಎಂಬ ತಮಾಷೆಯೂ ಹುಟ್ಟಿತು. ಅದು ನಿಂತದ್ದು 1961ರಲ್ಲಿ.

ವೇಳಾಪಟ್ಟಿಗೆ ಹೊಟ್ಟೆಯೂ ಅಡ್ಡಬಂದ ಪ್ರಸಂಗ ಸ್ವಿಂಡನ್ ನಿಲ್ದಾಣದ್ದು. ಅಲ್ಲಿನ ಉಪಾಹಾರ ಗೃಹವನ್ನು ಗುತ್ತಿಗೆಗೆ ಕೊಡುವಾಗ ಗ್ರೇಟ್ ವೆಸ್ಟರ್ನ್ ತನ್ನ ಗಾಡಿಗಳು ಅಲ್ಲಿ 10 ನಿಮಿಷ ನಿಲ್ಲುತ್ತವೆ ಎಂದು 1840ರ ದಶಕದ ಆರಂಭದಲ್ಲಿ ಮಾತು ಕೊಟ್ಟಿತ್ತು. ಗಾಡಿಗಳು ವೇಗ ಪಡೆದಂತೆ ಆ 10 ನಿಮಿಷ ಕೊರಳಿಗೆ ಉರುಳಾಯಿತು. 1895ರಲ್ಲಿ 1,00,000 ಪೌಂಡ್ ತೆತ್ತು ಕಂಪನಿ ಗುತ್ತಿಗೆಯಿಂದ ಬಿಡಿಸಿಕೊಂಡಿತು.

ಟಿಕೆಟ್ಟಿನ ಕಥೆ

ಮೊದಮೊದಲು ರೈಲು ಟಿಕೆಟ್ಟನ್ನು ಗುಮಾಸ್ತ ಕೈಯಲ್ಲೇ ಬರೆದುಕೊಡುತ್ತಿದ್ದ. ಮರಗೆಲಸದ ವ್ಯಾಪಾರದಲ್ಲಿ ದಿವಾಳಿಯೆದ್ದು, 1836ರಲ್ಲಿ ನ್ಯೂಕಾಸಲ್–ಕಾರ್ಲೈಲ್ ರೈಲ್ವೆಯ ಮಿಲ್ಟನ್ ನಿಲ್ದಾಣದಲ್ಲಿ ಕೆಲಸಕ್ಕೆ ಸೇರಿದ ಥಾಮಸ್ ಎಡ್ಮಂಡ್‌ಸನ್‌ಗೆ ಇದು ಹಿಡಿಸಲಿಲ್ಲ. ಎಷ್ಟು ಟಿಕೆಟ್ ಮಾರಿತು, ಎಷ್ಟು ದುಡ್ಡು ಬಂತು ಎಂಬುದಕ್ಕೆ ತಾಳೆ ನೋಡುವ ದಾರಿಯೇ ಇರಲಿಲ್ಲ. ಅವನು ಸುಮಾರು 57 ಮಿಲಿಮೀಟರ್ ಉದ್ದ, 30 ಮಿಲಿಮೀಟರ್ ಅಗಲದ ರಟ್ಟಿನ ಚೂರುಗಳಲ್ಲಿ ಊರ ಹೆಸರು, ದರ್ಜೆಗಳನ್ನು ಮೊದಲೇ ಅಚ್ಚುಹಾಕಿಸಿ, ಒಂದೊಂದಕ್ಕೂ ಕ್ರಮಸಂಖ್ಯೆ ಕೊಟ್ಟ. ಮಾರುವಾಗ ತಾರೀಕು ಒತ್ತಲು ಸಣ್ಣ ಯಂತ್ರವೊಂದನ್ನೂ ಮಾಡಿದ. ದಿನದ ಕೊನೆಗೆ ಗೂಡಿನಲ್ಲಿ ಉಳಿದ ಸಂಖ್ಯೆ ನೋಡಿದರೆ ಲೆಕ್ಕ ಮುಗಿಯಿತು. ಬೇರೆ ಕಂಪನಿಗಳು ಈ ಪದ್ಧತಿಯನ್ನು ಬಳಸಲು ಅವನಿಗೆ ವರ್ಷಕ್ಕೆ ಮೈಲಿಗೆ 10 ಷಿಲಿಂಗ್ ಕೊಡುತ್ತಿದ್ದವು. ಬ್ರಿಟಿಷ್ ರೈಲು ಈ ಟಿಕೆಟ್ಟನ್ನು ಕೈಬಿಟ್ಟದ್ದು 1990ರಲ್ಲಿ. ಒಂದು ರಟ್ಟಿನ ಚೂರು ಒಂದೂವರೆ ಶತಮಾನ ಬಾಳಿತು.

ಬಸ್ಸಿನ ಟಿಕೆಟ್ಟಿಗೆ ಬೇರೆ ಬಗೆಯ ನೆನಪುಗಳಿವೆ. ಮರದ ಪಟ್ಟಿಯಲ್ಲಿ ಬಣ್ಣಬಣ್ಣದ ಟಿಕೆಟ್ಟುಗಳನ್ನು ಸಿಕ್ಕಿಸಿಕೊಂಡು ಬರುವ ಕಂಡಕ್ಟರ್ ಹಂತಕ್ಕೆ ತಕ್ಕಂತೆ ತೂತು ಹಾಕುತ್ತಿದ್ದ. ತೂತು ಬಿದ್ದಾಗಲೆಲ್ಲ ಎದೆಯ ಮೇಲಿನ ಯಂತ್ರ 'ಟಿಂಗ್' ಎನ್ನುತ್ತಿತ್ತು. ಆ ಸದ್ದು ಕಂಡಕ್ಟರ್ ದುಡ್ಡು ನುಂಗಿಲ್ಲವೆಂಬುದಕ್ಕೆ ಸಾಕ್ಷಿ. 1950ರ ದಶಕದಲ್ಲಿ ಲಂಡನ್ನಿಗೆ ಗಿಬ್ಸನ್ ಯಂತ್ರ ಬಂತು. ಹಿಡಿ ತಿರುಗಿಸಿದರೆ ಖಾಲಿ ಕಾಗದದ ಸುರುಳಿಯ ಮೇಲೆ ದರ ಅಚ್ಚಾಗಿ ಹೊರಬರುತ್ತಿತ್ತು. ಅದು ಅಲ್ಲಿ 1993ರವರೆಗೆ ಬಳಕೆಯಲ್ಲಿತ್ತು. ಯುದ್ಧಕಾಲದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ ಕೆಲಸಕ್ಕೆ ಬಂದ ಹೆಂಗಸು ಕಂಡಕ್ಟರುಗಳಿಗೆ ಟಿಕೆಟ್ ಕತ್ತರಿಸುವ ಕೆಲಸದಿಂದಲೇ 'ಕ್ಲಿಪ್ಪಿ' ಎಂಬ ಅಡ್ಡಹೆಸರು ಬಂತು.

ಆಮ್ನಿಬಸ್ಸು ಬಸ್ಸಾದದ್ದು

1824ರಲ್ಲಿ ಮ್ಯಾಂಚೆಸ್ಟರ್ ಬಳಿಯ ಪೆಂಡಲ್‌ಟನ್‌ನಲ್ಲಿ ಸುಂಕದಕಟ್ಟೆ ನೋಡಿಕೊಳ್ಳುತ್ತಿದ್ದ ಜಾನ್ ಗ್ರೀನ್‌ವುಡ್ ಕುದುರೆ ಗಾಡಿಯೊಂದನ್ನು ನಗರದವರೆಗೆ ಓಡಿಸಿದ. ಮುಂಗಡ ಸೀಟು ಹಿಡಿಯಬೇಕಾಗಿಲ್ಲ, ದಾರಿಯಲ್ಲಿ ಎಲ್ಲಿ ಕೈ ಅಡ್ಡ ಹಿಡಿದರೂ ಹತ್ತಿಸಿಕೊಳ್ಳುವುದು ಎಂಬ ಪದ್ಧತಿ ಅಲ್ಲಿಂದ ಬಂತು. ಲಂಡನ್ನಿನಲ್ಲಿ 1829ರ ಜುಲೈ 4ರಂದು ಜಾರ್ಜ್ ಶಿಲಿಬಿಯರ್ ಪ್ಯಾಡಿಂಗ್‌ಟನ್‌ನಿಂದ ಬ್ಯಾಂಕ್‌ವರೆಗೆ ಮೂರು ಕುದುರೆಗಳ ಆಮ್ನಿಬಸ್ ಓಡಿಸಿದ. ಅದರಲ್ಲಿ 22 ಮಂದಿಗೆ ಜಾಗ.

'ಆಮ್ನಿಬಸ್' ಎಂಬುದು ಲ್ಯಾಟಿನ್ ಮಾತು; ಅರ್ಥ 'ಎಲ್ಲರಿಗೆ'. ಜನರ ಬಾಯಲ್ಲಿ ಅದು ಸವೆದು 'ಬಸ್' ಎಂದಷ್ಟೇ ಉಳಿಯಿತು. ವ್ಯಾಕರಣದ ಕಣ್ಣಿನಿಂದ ನೋಡಿದರೆ ಉಳಿದದ್ದು ಚತುರ್ಥೀ ವಿಭಕ್ತಿ ಪ್ರತ್ಯಯದ ಬಾಲ ಮಾತ್ರ. ಕನ್ನಡದ 'ಎಲ್ಲರಿಗೆ' ಎಂಬ ಪದದಲ್ಲಿ 'ಎಲ್ಲರು' ಬಿದ್ದುಹೋಗಿ 'ಗೆ' ಎಂಬುದೊಂದೇ ಗಾಡಿಯ ಹೆಸರಾದಂತೆ.

ಶಿಲಿಬಿಯರ್‌ನ ಪಾಡು ರೈಲು–ಬಸ್ಸುಗಳ ಹಗೆತನದ ಮೊದಲ ಅಧ್ಯಾಯ. ಪೈಪೋಟಿ ತಾಳದೆ ಅವನು ಗ್ರೀನಿಚ್ ಕಡೆಗೆ ಮಾರ್ಗ ಬದಲಿಸಿದ. 1836ರಲ್ಲಿ ಲಂಡನ್–ಗ್ರೀನಿಚ್ ರೈಲು ಬಂದು ಆ ಗಿರಾಕಿಗಳನ್ನೂ ಕಸಿಯಿತು. ಸಾಲಗಾರನಾಗಿ ಸೆರೆ ಕಂಡ ಅವನು ಕೊನೆಗೆ ಹೆಣ ಸಾಗಿಸುವ ಗಾಡಿಗಳ ವ್ಯಾಪಾರ ಹಿಡಿದು ಚೇತರಿಸಿಕೊಂಡ.

ಮೋಟಾರು ಬಸ್ಸು ನಿಜಕ್ಕೂ ನೆಲೆಯೂರಿದ್ದು 1910ರಲ್ಲಿ ಲಂಡನ್ ಜನರಲ್ ಆಮ್ನಿಬಸ್ ಕಂಪನಿ ತಂದ ಬಿ-ಟೈಪ್ ಬಸ್ಸಿನಿಂದ. ಮರುವರ್ಷವೇ ಆ ಕಂಪನಿಯ ಕೊನೆಯ ಕುದುರೆ ಬಸ್ಸು ನಿಂತಿತು. ಮೊದಲ ಮಹಾಯುದ್ಧದಲ್ಲಿ ಸುಮಾರು 900 ಬಿ-ಟೈಪ್ ಬಸ್ಸುಗಳು ಕಿಟಕಿಗಳಿಗೆ ಹಲಗೆ ಬಡಿಸಿಕೊಂಡು ಸೈನಿಕರನ್ನು ಹೊತ್ತು ಯುರೋಪಿನ ರಣರಂಗಕ್ಕೆ ಹೋದವು.

ದಾಯಾದಿಗಳ ಕೊಡುಕೊಳು

ರೈಲು ಕಂಪನಿಗಳು ಬಸ್ಸನ್ನು ಬರೀ ವೈರಿಯಾಗಿ ಕಾಣಲಿಲ್ಲ. ಕಾರ್ನ್‌ವಾಲ್‌ನ ಹೆಲ್‌ಸ್ಟನ್‌ನಿಂದ ಲಿಜರ್ಡ್‌ವರೆಗೆ ಹಳಿ ಹಾಕುವ ಖರ್ಚನ್ನು ಲೆಕ್ಕಹಾಕಿದ ಗ್ರೇಟ್ ವೆಸ್ಟರ್ನ್, 1903ರ ಆಗಸ್ಟ್ 17ರಿಂದ ಅಲ್ಲಿ ತಾನೇ ಮೋಟಾರು ಬಸ್ಸು ಓಡಿಸಿತು. ಮುಂದೆ 1928ರ ಕಾಯಿದೆಗಳ ಬಲದಿಂದ ರೈಲು ಕಂಪನಿಗಳು ದೊಡ್ಡ ಬಸ್ ಕಂಪನಿಗಳಲ್ಲಿ ಪಾಲು ಕೊಂಡವು. ಬಸ್ ಮಾಲೀಕರ ಮೇಲಾಟಕ್ಕೆ 1930ರ ರಸ್ತೆ ಸಂಚಾರ ಕಾಯಿದೆ ಕಡಿವಾಣ ಹಾಕಿತು; ಅಂದಿನಿಂದ ಮಾರ್ಗಕ್ಕೆ ಪರವಾನಗಿ ಬೇಕಾಯಿತು. ರೈಲುಗಳಲ್ಲೂ ಕೂಡಿಕೆ ನಡೆದಿತ್ತು. ನೂರಕ್ಕೂ ಹೆಚ್ಚಿದ್ದ ಕಂಪನಿಗಳನ್ನು 1923ರ ಜನವರಿ 1ರಂದು ನಾಲ್ಕಾಗಿ ಒಗ್ಗೂಡಿಸಲಾಯಿತು. 1948ರ ಜನವರಿ 1ರಂದು ಅವು ರಾಷ್ಟ್ರೀಕರಣಗೊಂಡು ಬ್ರಿಟಿಷ್ ರೈಲ್ವೇಸ್ ಆದವು.

ಈ ಹಗೆತನ ಸಿನಿಮಾಕ್ಕೂ ವಸ್ತುವಾಯಿತು. 1953ರ 'ದಿ ಟಿಟ್‌ಫೀಲ್ಡ್ ಥಂಡರ್‌ಬೋಲ್ಟ್' ಎಂಬ ನಗೆಚಿತ್ರದಲ್ಲಿ ಹಳ್ಳಿಯವರು ಮುಚ್ಚಲಿರುವ ತಮ್ಮ ಕವಲು ರೈಲನ್ನು ತಾವೇ ಓಡಿಸಲು ಹೊರಡುತ್ತಾರೆ; ಖಳರು ಬಸ್ ಕಂಪನಿಯ ಮಾಲೀಕರು.

ಎರಡೂ ಒಂದೇ ಮೈಯಲ್ಲಿ ಕೂಡಿದ್ದು 1980ರ ದಶಕದ 'ಪೇಸರ್' ಗಾಡಿಯಲ್ಲಿ. ಹಣ ಉಳಿಸಲು ಬ್ರಿಟಿಷ್ ರೈಲು ಲೇಲ್ಯಾಂಡ್ ಬಸ್ಸಿನ ಮೈಯನ್ನು ಸರಕು ಗಾಡಿಯ ಮಾದರಿಯ ನಾಲ್ಕು ಚಕ್ರದ ಚೌಕಟ್ಟಿನ ಮೇಲೆ ಕೂರಿಸಿತು. ಒಳಗೆ ಸೀಟುಗಳೂ ಬಸ್ಸಿನವೇ. ತಿರುವುಗಳಲ್ಲಿ ಕಿರುಗುಟ್ಟುತ್ತ, ಹಳಿಯ ಮೇಲೆ ತಲೆಯಾಡಿಸುತ್ತ ಸಾಗುತ್ತಿದ್ದ ಇದನ್ನು ಉತ್ತರ ಇಂಗ್ಲೆಂಡಿನವರೂ ವೇಲ್ಸಿನವರೂ ಬಯ್ದುಕೊಂಡೇ ಹತ್ತಿದರು. ಕೆಲವು ವರ್ಷಗಳ ಮಟ್ಟಿಗೆಂದು ಬಂದ ಪೇಸರ್ 2021ರವರೆಗೆ ಓಡಿತು.

ಬೀಚಿಂಗ್ ಕೊಡಲಿ

1950ರ ದಶಕದಲ್ಲಿ ಕಾರು, ಲಾರಿಗಳು ಹೆಚ್ಚಿ ರೈಲಿನ ನಷ್ಟ ಏರಿತು. ಅದನ್ನು ಸರಿಪಡಿಸಲು ರಾಸಾಯನಿಕ ಕಂಪನಿಯಿಂದ ಭೌತವಿಜ್ಞಾನದ ಪದವೀಧರ ಡಾ. ರಿಚರ್ಡ್ ಬೀಚಿಂಗ್ ಅವರನ್ನು ವರ್ಷಕ್ಕೆ 24,000 ಪೌಂಡ್ ಸಂಬಳದ ಮೇಲೆ ಕರೆತಂದರು. ಅದು ಪ್ರಧಾನಿಯ ಸಂಬಳಕ್ಕಿಂತ ಹೆಚ್ಚು. 1963ರ ಮಾರ್ಚ್ 27ರಂದು ಹೊರಬಿದ್ದ ಅವರ ವರದಿ 2,363 ನಿಲ್ದಾಣಗಳನ್ನೂ ಸುಮಾರು 5,000 ಮೈಲಿ ಮಾರ್ಗವನ್ನೂ ಮುಚ್ಚಬಹುದೆಂದಿತು. ಇದರಲ್ಲಿ ಬಹುಭಾಗ ಜಾರಿಗೆ ಬಂತು. ಆ ಮುಚ್ಚುಗಡೆಗೆ ಜನ ಇಟ್ಟ ಹೆಸರು 'ಬೀಚಿಂಗ್ ಕೊಡಲಿ'.

ರೈಲು ಹೋದ ಊರಿಗೆ ಬಸ್ಸು ಬರುತ್ತದೆ ಎಂಬುದು ಅಂದಿನ ಭರವಸೆ. ಬಸ್ಸು ಬಂದದ್ದೂ ನಿಜ, ಆದರೆ ಹಲವು ಕಡೆ ಅದು ಬಾಳಲಿಲ್ಲ. ರೈಲಿಗಿಂತ ನಿಧಾನವಾದ, ಪೆಟ್ಟಿಗೆ ಸಾಮಾನು ಹಿಡಿಸದ ಬಸ್ಸಿಗಾಗಿ ಕಾಯುವ ಬದಲು ಜನ ಕಾರು ಕೊಂಡರು. ಆಮೇಲೆ ಬಸ್ಸೂ ನಿಂತಿತು. ಕವಲು ಮಾರ್ಗ ಕಡಿದರೆ ಅದು ಮುಖ್ಯ ಮಾರ್ಗಕ್ಕೆ ತಂದುಕೊಡುತ್ತಿದ್ದ ಪ್ರಯಾಣಿಕನೂ ಕೈತಪ್ಪುತ್ತಾನೆ ಎಂಬ ಪಾಠವೂ ತಡವಾಗಿ ತಿಳಿಯಿತು. ಬಸ್ಸೂ ದಕ್ಕದ ಮೂಲೆಯ ಹಳ್ಳಿಗಳಿಗೆ ಅಂಚೆ ಇಲಾಖೆ ಒಂದು ದಾರಿ ತೋರಿಸಿತು. 1967ರಲ್ಲಿ ವೇಲ್ಸ್‌ನ ಲಾನಿಡ್ಲೋಸ್‌ನಿಂದ ಮೊದಲ 'ಪೋಸ್ಟ್‌ಬಸ್' ಹೊರಟಿತು. ಕಾಗದದ ಚೀಲಗಳ ಜೊತೆ ನಾಲ್ಕಾರು ಜನರನ್ನೂ ಕೂರಿಸಿಕೊಂಡು ಹೋಗುತ್ತಿದ್ದ ಗಾಡಿ ಅದು.

ಕೊಡಲಿಯ ಏಟಿನಿಂದ ಪಾರಾದ ಮಾರ್ಗಗಳಲ್ಲಿ ಪ್ರಸಿದ್ಧವಾದದ್ದು ಉತ್ತರ ಇಂಗ್ಲೆಂಡಿನ ಸೆಟಲ್–ಕಾರ್ಲೈಲ್. ರಿಬಲ್‌ಹೆಡ್‌ನ 24 ಕಮಾನುಗಳ ಸೇತುವೆ ಇರುವುದು ಈ ಹಾದಿಯಲ್ಲೇ. 1980ರ ದಶಕದಲ್ಲಿ ಇದನ್ನು ಮುಚ್ಚಲು ಹೊರಟಾಗ ಸಾವಿರಾರು ಆಕ್ಷೇಪಣೆಗಳು ಬಂದವು. ಅವುಗಳಲ್ಲೊಂದು ರಸ್ವಾರ್ಪ್ ಎಂಬ ನಾಯಿಯ ಪಂಜದ ಗುರುತು. ಟಿಕೆಟ್ ಕೊಂಡು ಪ್ರಯಾಣಿಸುವ ನಾಯಿಯಾದ್ದರಿಂದ ಅದರ ಆಕ್ಷೇಪಣೆಯೂ ಲೆಕ್ಕಕ್ಕೆ ಬಂತು. 1989ರಲ್ಲಿ ಮಾರ್ಗ ಉಳಿಯಿತು. ಗಾರ್ಸ್‌ಡೇಲ್ ನಿಲ್ದಾಣದಲ್ಲಿ ಆ ನಾಯಿಯ ಕಂಚಿನ ಪ್ರತಿಮೆ ಇದೆ. ಸ್ಕಾಟ್ಲೆಂಡಿನಲ್ಲಿ 1969ರಲ್ಲಿ ಮುಚ್ಚಿದ್ದ ವೇವರ್ಲಿ ಮಾರ್ಗದ ಒಂದು ಭಾಗ 2015ರಲ್ಲಿ ಮತ್ತೆ ತೆರೆಯಿತು.

ಉಗಿಯ ಬೆನ್ನು ಹತ್ತಿದವರು

1938ರ ಜುಲೈ 3ರಂದು ನೈಜಲ್ ಗ್ರೆಸ್ಲಿ ವಿನ್ಯಾಸದ 'ಮಲ್ಲಾರ್ಡ್' ಗಂಟೆಗೆ 126 ಮೈಲಿ, ಎಂದರೆ 203 ಕಿಲೋಮೀಟರ್ ವೇಗ ಮುಟ್ಟಿತು. ಉಗಿ ಇಂಜಿನ್ನಿನ ಆ ದಾಖಲೆ ಇಂದಿಗೂ ಅದರದೇ. ಬ್ರಿಟಿಷ್ ರೈಲ್ವೇಸ್ ಕಟ್ಟಿದ ಕೊನೆಯ ಉಗಿ ಇಂಜಿನ್ 1960ರಲ್ಲಿ ಸ್ವಿಂಡನ್ ಕಾರ್ಖಾನೆಯಿಂದ ಹೊರಬಂತು. ಅದರ ಹೆಸರೂ ಸಂಜೆಯ ಚುಕ್ಕಿ ಎಂಬ ಅರ್ಥದ 'ಈವ್ನಿಂಗ್ ಸ್ಟಾರ್'. 1968ರ ಆಗಸ್ಟ್ 11ರಂದು ಲಿವರ್‌ಪೂಲ್‌ನಿಂದ ಮ್ಯಾಂಚೆಸ್ಟರ್ ಮೂಲಕ ಕಾರ್ಲೈಲ್‌ಗೆ ಹೋಗಿಬಂದ ವಿಶೇಷ ಗಾಡಿಯೊಂದಿಗೆ ಮುಖ್ಯ ಮಾರ್ಗಗಳ ಉಗಿಯುಗ ಮುಗಿಯಿತು. ಟಿಕೆಟ್ ದರದಿಂದಲೇ ಅದಕ್ಕೆ 'ಹದಿನೈದು ಗಿನಿಯ ಗಾಡಿ' ಎಂಬ ಹೆಸರು.

ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ಇಂಜಿನ್ ನಂಬರು ಬರೆದುಕೊಳ್ಳುವ ಗೀಳಿಗೆ ರೂಪ ಕೊಟ್ಟವನು ಇಯಾನ್ ಅಲನ್. ಸದರ್ನ್ ರೈಲ್ವೆಯ ಕಚೇರಿಯಲ್ಲಿ ಕೆಲಸಕ್ಕಿದ್ದ ಅವನಿಗೆ ಇಂಜಿನ್ನುಗಳ ಬಗ್ಗೆ ಜನ ಬರೆಯುವ ಕಾಗದಗಳಿಗೆ ಉತ್ತರಿಸುವುದೇ ಪಾಡಾಗಿತ್ತು. 1942ರಲ್ಲಿ ಆ ರೈಲ್ವೆಯ ಎಲ್ಲ ನಂಬರುಗಳನ್ನೂ ಪಟ್ಟಿಮಾಡಿ ಕಿರುಹೊತ್ತಗೆ ತಂದ. ಕಂಡ ನಂಬರಿನ ಕೆಳಗೆ ಗೆರೆ ಎಳೆಯುವುದು ಒಂದು ತಲೆಮಾರಿನ ಹುಡುಗರ ರಜೆಯ ಕೆಲಸವಾಯಿತು. ಬಸ್ಸುಗಳಿಗೂ ಇಂಥ ಹೊತ್ತಗೆಗಳು ಬಂದವು. ಅದೇ ಪ್ರೀತಿ 1951ರಲ್ಲಿ ವೇಲ್ಸ್‌ನ ಟಾಲಿಲಿನ್ ಕಿರುರೈಲನ್ನು ಉಳಿಸಿತು. ಸ್ವಯಂಸೇವಕರೇ ನಡೆಸಿದ ಜಗತ್ತಿನ ಮೊದಲ ರೈಲು ಅದು. ಇಂದು ಬ್ರಿಟನ್ನಿನಲ್ಲಿ ಇಂಥ ನೂರಾರು ರೈಲು, ಬಸ್ ಸಂಗ್ರಹಗಳಿವೆ.

ಮಹಡಿ ಬಸ್ಸು

ಲಂಡನ್ನಿನ ಕೆಂಪು ಮಹಡಿ ಬಸ್ಸೆಂದರೆ ಕಣ್ಮುಂದೆ ಬರುವುದು ರೂಟ್‌ಮಾಸ್ಟರ್. 1954ರಲ್ಲಿ ಮಾದರಿ ತಯಾರಾಗಿ, 1956ರಲ್ಲಿ ಸೇವೆಗಿಳಿದು, 1968ರವರೆಗೆ ಒಟ್ಟು 2,876 ಬಸ್ಸುಗಳು ತಯಾರಾದವು. ಯುದ್ಧವಿಮಾನ ಕಟ್ಟಿದ ಅನುಭವದಿಂದ ಬಂದ ಅಲ್ಯೂಮಿನಿಯಂ ಮೈ, ಹಿಂದೆ ಬಾಗಿಲೇ ಇಲ್ಲದ ಹತ್ತುಕಟ್ಟೆ ಇದರ ವಿಶೇಷ. ಸಿಗ್ನಲ್ಲಿನಲ್ಲಿ ನಿಂತಾಗ ಜಿಗಿದು ಹತ್ತಬಹುದಿತ್ತು, ಇಳಿಯಬಹುದಿತ್ತು. ಕಂಡಕ್ಟರನ ಗಂಟೆಗೆ ಒಂದು ಭಾಷೆಯೇ ಇತ್ತು: ಒಂದು ಹೊಡೆದರೆ ನಿಲ್ಲಿಸು, ಎರಡಕ್ಕೆ ಹೊರಡು, ಮೂರಕ್ಕೆ ಜಾಗವಿಲ್ಲ. ಇಂಜಿನ್ ಹಿಂದಕ್ಕೂ ಬಾಗಿಲು ಡ್ರೈವರನ ಪಕ್ಕಕ್ಕೂ ಬಂದ ಹೊಸ ಬಸ್ಸುಗಳಲ್ಲಿ ಡ್ರೈವರನೇ ದುಡ್ಡು ತೆಗೆದುಕೊಳ್ಳತೊಡಗಿದಾಗ ಕಂಡಕ್ಟರನ ಕೆಲಸ ಹೋಯಿತು. ರೂಟ್‌ಮಾಸ್ಟರ್ ನಿತ್ಯದ ಓಡಾಟದಿಂದ ನಿವೃತ್ತವಾದದ್ದು 2005ರ ಡಿಸೆಂಬರ್ 9ರಂದು, 159ನೇ ಮಾರ್ಗದಲ್ಲಿ.

ಬಸ್ ಚಾಲಕರ ಸಾಹಸಗಳಲ್ಲಿ ಆಲ್ಬರ್ಟ್ ಗಂಟರ್‌ನದು ಮೊದಲ ಸಾಲಿನದು. 1952ರ ಡಿಸೆಂಬರ್ 30ರಂದು 78ನೇ ಮಾರ್ಗದ ಬಸ್ಸು ಟವರ್ ಬ್ರಿಜ್ ಮೇಲಿದ್ದಾಗಲೇ ಹಡಗಿಗಾಗಿ ಸೇತುವೆ ತೆರೆಯತೊಡಗಿತು. ನಿಲ್ಲಿಸಿದರೆ ನದಿಗೆ ಬೀಳುವ ಅಪಾಯ. ಗಂಟರ್ ವೇಗ ಹೆಚ್ಚಿಸಿ, ಇನ್ನೂ ಏಳದೆ ಕೆಳಗೇ ಇದ್ದ ಆಚೆಯ ತುಂಡಿನ ಮೇಲೆ ಬಸ್ಸನ್ನು ಹಾರಿಸಿದ. ಜೀವಹಾನಿ ಆಗಲಿಲ್ಲ; ಅವನಿಗೆ 10 ಪೌಂಡ್ ಇನಾಮು ಸಿಕ್ಕಿತು.

ಬಣ್ಣಭೇದ ಮತ್ತು ಬಸ್ಸು

ಯುದ್ಧಾನಂತರ ಕೆಲಸಗಾರರ ಕೊರತೆ ನೀಗಲು ಲಂಡನ್ ಟ್ರಾನ್ಸ್‌ಪೋರ್ಟ್ 1956ರಿಂದ ಕೆರಿಬಿಯನ್ನಿನ ಬಾರ್ಬಡೋಸ್‌ಗೇ ಹೋಗಿ ಜನರನ್ನು ಆರಿಸಿ ತಂದಿತು. ಎಲ್ಲ ಊರುಗಳೂ ಹಾಗಿರಲಿಲ್ಲ. ಬ್ರಿಸ್ಟಲ್‌ನಲ್ಲಿ ಕರಿಯರನ್ನೂ ಏಷ್ಯನ್ನರನ್ನೂ ಬಸ್ ಸಿಬ್ಬಂದಿಯಾಗಿ ತೆಗೆದುಕೊಳ್ಳುತ್ತಿರಲಿಲ್ಲ. 1963ರ ಏಪ್ರಿಲ್ ಕೊನೆಯಲ್ಲಿ ಪಾಲ್ ಸ್ಟೀಫನ್‌ಸನ್ ಮುಂತಾದವರು ಬಸ್ ಬಹಿಷ್ಕಾರಕ್ಕೆ ಕರೆಕೊಟ್ಟರು. ವಿದ್ಯಾರ್ಥಿಗಳೂ ರಾಜಕಾರಣಿಗಳೂ ಜೊತೆಗೂಡಿದರು. ಆಗಸ್ಟ್ 28ರಂದು ಕಂಪನಿ ಮಣಿಯಿತು. ಸೆಪ್ಟೆಂಬರಿನಲ್ಲಿ ಅಲ್ಲಿ ಕಂಡಕ್ಟರ್ ಆಗಿ ಸೇರಿದ ಮೊದಲ ಬಿಳಿಯನಲ್ಲದ ವ್ಯಕ್ತಿ ರಘುಬೀರ್ ಸಿಂಗ್ ಎಂಬ ಸಿಖ್ಖ. ಜನಾಂಗಭೇದದ ವಿರುದ್ಧ 1965ರಲ್ಲಿ ಬಂದ ಮೊದಲ ಕಾಯಿದೆಗೆ ಈ ಹೋರಾಟವೂ ದಾರಿ ಮಾಡಿತು. ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಗಡ್ಡ, ಪೇಟದೊಂದಿಗೆ ಬಸ್ಸು ಓಡಿಸುವ ಹಕ್ಕಿಗಾಗಿ 1967ರಲ್ಲಿ ಆರಂಭವಾದ ಸಿಖ್ಖರ ಹೋರಾಟ 1969ರಲ್ಲಿ ಗೆದ್ದಿತು.

ನಿಲ್ದಾಣಗಳ ಸ್ವಾರಸ್ಯ

ವೇಲ್ಸ್‌ನ ಆಂಗಲ್ಸಿ ದ್ವೀಪದ ಒಂದು ನಿಲ್ದಾಣದ ಹೆಸರಿನಲ್ಲಿ 58 ಅಕ್ಷರಗಳಿವೆ. ಪ್ರವಾಸಿಗರನ್ನು ಸೆಳೆಯಲು 19ನೇ ಶತಮಾನದಲ್ಲಿ ಹೀಗೆ ಹಿಗ್ಗಿಸಿದರೆಂದು ಹೇಳುತ್ತಾರೆ. ಊರವರ ಬಾಯಲ್ಲಿ ಅದು 'ಲಾನ್‌ವೈರ್‌ಪೂಲ್' ಅಷ್ಟೇ. ಸ್ಕಾಟ್ಲೆಂಡಿನ ಕೊರೂರ್ ನಿಲ್ದಾಣ ಸಮುದ್ರಮಟ್ಟದಿಂದ 408 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಸಾರ್ವಜನಿಕ ರಸ್ತೆಯೇ ಇಲ್ಲ. ನಾರ್ಫಕ್‌ನ ಬರ್ನಿ ಆರ್ಮ್ಸ್‌ಗೂ ರಸ್ತೆಯಿಲ್ಲ. 1840ರ ದಶಕದಲ್ಲಿ ಜಮೀನು ಕೊಟ್ಟ ಒಡೆಯ ಅಲ್ಲಿ ನಿಲ್ದಾಣ ಇರಲೇಬೇಕೆಂದು ಷರತ್ತು ಹಾಕಿದ್ದರಿಂದ ಜೌಗಿನ ನಡುವೆ ಅದು ನಿಂತಿದೆ. ಸ್ಟಾಕ್‌ಪೋರ್ಟ್–ಸ್ಟಾಲಿಬ್ರಿಜ್ ನಡುವೆ ವರ್ಷಗಳಿಂದ ವಾರಕ್ಕೊಂದೇ ಗಾಡಿ. ಮಾರ್ಗವನ್ನು ಕಾನೂನಿನಂತೆ ಮುಚ್ಚುವುದು ಉದ್ದದ ಕೆಲಸ. ಅದಕ್ಕಿಂತ ವಾರಕ್ಕೊಮ್ಮೆ ಓಡಿಸುವುದೇ ಸುಲಭ. ಇಂಥವನ್ನು ಈಗ 'ಪಾರ್ಲಿಮೆಂಟರಿ ಟ್ರೇನ್' ಎಂದು ಕರೆಯುತ್ತಾರೆ. ಬಡವರಿಗಾಗಿ ಹುಟ್ಟಿದ ಹೆಸರು ಖಾಲಿ ಗಾಡಿಗೆ ಬಂದು ಕೂತಿದೆ.

ಲಂಡನ್ ಸುರಂಗ ರೈಲಿನ ಎಂಬ್ಯಾಂಕ್‌ಮೆಂಟ್ ನಿಲ್ದಾಣದಲ್ಲಿ ಗಾಡಿಗೂ ಕಟ್ಟೆಗೂ ನಡುವಣ ಸಂದಿಯನ್ನು ಎಚ್ಚರಿಸುವ ದನಿ ಆಸ್ವಲ್ಡ್ ಲಾರೆನ್ಸ್ ಎಂಬ ನಟನದು. ಅವನು ತೀರಿಕೊಂಡ ಮೇಲೆ ಹೆಂಡತಿ ಆ ದನಿ ಕೇಳಲೆಂದೇ ಅಲ್ಲಿಗೆ ಹೋಗುತ್ತಿದ್ದಳು. ಹೊಸ ಯಂತ್ರ ಬಂದು ದನಿ ಮರೆಯಾದಾಗ ಆಕೆ ವಿಚಾರಿಸಿದಳು. 2013ರಲ್ಲಿ ಆ ಒಂದು ನಿಲ್ದಾಣಕ್ಕೆ ಹಳೆಯ ದನಿಯನ್ನೇ ಮರಳಿಸಿದರು.

ಮಾತು, ಹಾಸ್ಯ

ರೈಲು, ಬಸ್ಸನ್ನು ಬಯ್ಯುವುದು ಬ್ರಿಟನ್ನಿನಲ್ಲಿ ಹವಾಮಾನದ ಮಾತಿನಷ್ಟೇ ಸಾಮಾನ್ಯ. 1991ರ ಚಳಿಗಾಲದಲ್ಲಿ ಹಿಟ್ಟಿನಂಥ ಒಣ ಹಿಮ ವಿದ್ಯುತ್ ಗಾಡಿಗಳ ಮೋಟಾರಿನೊಳಗೆ ನುಗ್ಗಿ ಕೆಡಿಸಿದಾಗ ಅಧಿಕಾರಿಯೊಬ್ಬರು ಹಿಮದ ಬಗೆಯನ್ನು ವಿವರಿಸಿದರು. ಪತ್ರಿಕೆಗಳು ಅದನ್ನು 'ತಪ್ಪು ಬಗೆಯ ಹಿಮ' ಎಂದು ಗೇಲಿಮಾಡಿದವು. ಕುಂಟುನೆಪಕ್ಕೆ ಅದೇ ನುಡಿಗಟ್ಟಾಯಿತು. 'ಹಳಿಯ ಮೇಲೆ ಎಲೆ' ಎಂಬುದೂ ನೆಪದಂತೆ ಕೇಳಿಸುತ್ತದೆ, ಆದರೆ ಕಾರಣ ಗಟ್ಟಿ. ಉದುರಿದೆಲೆಗಳನ್ನು ಚಕ್ರ ಅರೆದಾಗ ಜಾರುವ ಪದರವೊಂದು ಹಳಿಗೆ ಅಂಟಿ, ಬ್ರೇಕು ಹಿಡಿಯುವುದಿಲ್ಲ. ಮುಗಿಯದ ಕೆಲಸಕ್ಕೆ 'ಫೋರ್ತ್ ಸೇತುವೆಗೆ ಬಣ್ಣ ಬಳಿದಂತೆ' ಎನ್ನುತ್ತಾರೆ. 1890ರಲ್ಲಿ ತೆರೆದ ಆ ಉಕ್ಕಿನ ರೈಲುಸೇತುವೆಗೆ 2011ರಲ್ಲಿ ಬಹುಕಾಲ ಬಾಳುವ ಬಣ್ಣ ಬಳಿದು ಮುಗಿಸಿದರೂ ಮಾತು ಮಾತ್ರ ಉಳಿದಿದೆ.

ಬಸ್ಸಿಗಾಗಿ ಗಂಟೆಗಟ್ಟಲೆ ಕಾದರೆ ಮೂರು ಒಟ್ಟಿಗೆ ಬರುತ್ತವೆ ಎಂಬ ಗೊಣಗಿಗೂ ಲೆಕ್ಕವಿದೆ. ತುಸು ತಡವಾದ ಬಸ್ಸಿಗೆ ಪ್ರತಿ ನಿಲ್ದಾಣದಲ್ಲೂ ಹೆಚ್ಚು ಜನ ಕಾದಿರುತ್ತಾರೆ; ಹತ್ತಿಸಿಕೊಳ್ಳುವಷ್ಟರಲ್ಲಿ ಇನ್ನೂ ತಡ. ಹಿಂದಿನ ಬಸ್ಸಿಗೆ ಜನ ಕಡಿಮೆ, ಅದು ಬೇಗ ಬಂದು ಮುಂದಿನದನ್ನು ಹಿಡಿಯುತ್ತದೆ. ಹಿರಿಯ ನಾಗರಿಕರಿಗೆ ಇಂಗ್ಲೆಂಡಿನ ಉದ್ದಗಲಕ್ಕೂ 2008ರಿಂದ ಉಚಿತ ಬಸ್ ಪ್ರಯಾಣವಿದೆ, ಆದರೆ ವಾರದ ದಿನಗಳಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ 9.30ರ ನಂತರ. ಅದಕ್ಕೆ ಮುಂಚೆಯೇ ಬಂದು 'ಟೂ ಅರ್ಲಿ?' (ಇನ್ನೂ ಹೊತ್ತಾಗಿಲ್ಲವೇ?) ಎಂದು ಕೇಳುವವರ ಮಾತನ್ನೇ ತಿರುಚಿ ಡ್ರೈವರುಗಳು ಅವರಿಗೆ 'ಟ್ವರ್ಲಿ' ಎಂದು ಹೆಸರಿಟ್ಟಿದ್ದಾರೆ.

ಕರ್ನಾಟಕದ ನಂಟು

ಬ್ರಿಟನ್ನಿನ ಈ ಪದ್ಧತಿಗಳಲ್ಲಿ ಹಲವು ಕರ್ನಾಟಕಕ್ಕೂ ಬಂದವು. ಮದ್ರಾಸ್ ರೈಲ್ವೆ ಕಂಪನಿ 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ತಂದಿತು. ಎಡ್ಮಂಡ್‌ಸನ್‌ನ ರಟ್ಟಿನ ಟಿಕೆಟ್ಟನ್ನು ಕಂಪ್ಯೂಟರು ಬರುವವರೆಗೆ ಇಲ್ಲಿನ ಪ್ರತಿ ನಿಲ್ದಾಣದಲ್ಲೂ 'ಟಕ್' ಎಂದು ತಾರೀಕು ಒತ್ತಿ ಕೊಡುತ್ತಿದ್ದರು. ಗ್ಲಾಸ್ಟರ್‌ನ ಗೇಜು ಬದಲಾವಣೆಯ ಫಜೀತಿಯನ್ನು ಬೆಂಗಳೂರು 1990ರ ದಶಕದವರೆಗೂ ಅನುಭವಿಸಿತು. ಮದ್ರಾಸಿನಿಂದ ಬ್ರಾಡ್‌ಗೇಜಿನಲ್ಲಿ ಬಂದವರು ಮೈಸೂರಿಗೆ ಹೋಗಲು ಮೀಟರ್‌ಗೇಜಿನ ಗಾಡಿ ಹತ್ತಬೇಕಿತ್ತು. ಬಸ್ಸಿನ ನಂಟೂ ಇದೆ. ಮದ್ರಾಸಿನ ಅಶೋಕ್ ಮೋಟಾರ್ಸ್ ಇಂಗ್ಲೆಂಡಿನ ಲೇಲ್ಯಾಂಡ್ ಜೊತೆ ಸೇರಿ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಅದರ ಬಸ್ಸುಗಳು ಕರ್ನಾಟಕದ ರಸ್ತೆಗಳಲ್ಲಿ ಚಿರಪರಿಚಿತ. ಬೆಂಗಳೂರಿನಲ್ಲಿ 1990ರ ದಶಕದವರೆಗೆ ಮಹಡಿ ಬಸ್ಸುಗಳೂ ಓಡಿದವು. ಕಂಡಕ್ಟರರ 'ರೈಟ್ ರೈಟ್', 'ಹೋಲ್ಡಾನ್' ಕೂಗುಗಳು ಇಂಗ್ಲಿಷಿನವೇ ಆದರೂ ಈಗ ಅಪ್ಪಟ ಕನ್ನಡ.

ಇಂದಿನ ಸ್ಥಿತಿ

1986ರ ಅಕ್ಟೋಬರ್ 26ರಂದು ಲಂಡನ್ ಹೊರತು ಬ್ರಿಟನ್ನಿನ ಬಸ್ ಮಾರ್ಗಗಳೆಲ್ಲ ಮುಕ್ತವಾದವು. 42 ದಿನ ಮುಂಚೆ ತಿಳಿಸಿದರೆ ಯಾರು ಬೇಕಾದರೂ ಬಸ್ಸು ಓಡಿಸಬಹುದಿತ್ತು. ಲಾಭದ ಬೀದಿಗಳಲ್ಲಿ ಬಸ್ಸಿನ ಹಿಂದೆ ಬಸ್ಸು, ಉಳಿದೆಡೆ ಬರಿ ಕಾಯುವಿಕೆ. ರೈಲಿನ ತೊಟ್ಟಿಲಾದ ಡಾರ್ಲಿಂಗ್‌ಟನ್‌ನಲ್ಲೇ 1994ರಲ್ಲಿ ಪೈಪೋಟಿ ಪುಕ್ಕಟೆ ಬಸ್ಸಿನವರೆಗೆ ಹೋಗಿ, ಊರಿನ ಸ್ವಂತ ಬಸ್ ಸಂಸ್ಥೆ ನೆಲಕಚ್ಚಿತು. ರೈಲುಗಳೂ 1993ರ ಕಾಯಿದೆಯ ನಂತರ ಖಾಸಗಿಯಾದವು. ಈಗ ಗಾಳಿ ತಿರುಗಿದೆ. ಮ್ಯಾಂಚೆಸ್ಟರ್ ಪ್ರದೇಶ 2023ರ ಸೆಪ್ಟೆಂಬರಿನಿಂದ ಹಂತಹಂತವಾಗಿ ಬಸ್ಸುಗಳನ್ನು ಮತ್ತೆ ಸಾರ್ವಜನಿಕ ಹಿಡಿತಕ್ಕೆ ತಂದು, 2025ರ ಜನವರಿಗೆ ಮುಗಿಸಿತು. ಹಳದಿ ಬಣ್ಣದ ಈ ಜಾಲಕ್ಕೆ ನಗರದ ಲಾಂಛನವಾದ ಜೇನುನೊಣದ ಹೆಸರು.

ರೈಲನ್ನು ಮರಳಿ ಸರ್ಕಾರಕ್ಕೆ ತರುವ 2024ರ ಕಾಯಿದೆಯಡಿ ಮೊದಲು ಬಂದದ್ದು 2025ರ ಮೇ 25ರಂದು ಸೌತ್ ವೆಸ್ಟರ್ನ್ ರೈಲ್ವೆ. ಅಂದು ಬೆಳಗಿನ ಜಾವ ವೋಕಿಂಗ್‌ನಿಂದ ಲಂಡನ್ನಿನ ವಾಟರ್‌ಲೂಗೆ ಹೊರಟ ಮೊದಲ ಸೇವೆಗೆ ಹಳಿ ದುರಸ್ತಿ ಅಡ್ಡಬಂತು. ಹಾಗಾಗಿ ಹೊಸ ಯುಗದ ಮೊದಲ ರೈಲಿನ ಪ್ರಯಾಣಿಕರು ಮೊದಲ ಹಂತವನ್ನು ಬಸ್ಸಿನಲ್ಲಿ ಕಳೆದರು.